ಬಾಣಾವರ ಇನ್ನೂ ಮುಟ್ಟಿಲ್ಲ

೨೦೦೧ರ ಜುಲೈ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ‘ಬಾಣಾವರ’ ಎಂಬ ದರೋಡೆ ಹಡಗು ನಾಲ್ಕನೆಯ ಗ್ರಹದ ಬಂದರು ಬಿಟ್ಟು ಏಳನೆಯ ಗ್ರಹದ ಕಡೆಗೆ ಹೊರಟಿತು. ಅದರಲ್ಲಿ ಹದಿನೆಂಟು ಮಂದಿ ಸಿಬ್ಬಂದಿ, ದೋಚಿ ತಂದ ಔಷಧಿಯ ಪೆಟ್ಟಿಗೆಗಳು, ನಲವತ್ತು ದಿನಕ್ಕೆ ಸಾಲುವಷ್ಟು ನೀರು ಇದ್ದವು. ಅದೇ ಹೊತ್ತಿಗೆ ಹಡಗಿನ ಕ್ಯಾಪ್ಟನ್ ಅರಸೀಕೆರೆ ಜಂಕ್ಷನ್ನಿನಲ್ಲಿ ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಗೋಣಿಯಲ್ಲಿ ಸುತ್ತಿದ ಗ್ಯಾಸ್ ಸ್ಟವ್ ಮುಂದಿಟ್ಟುಕೊಂಡು ಹುಬ್ಬಳ್ಳಿ ಕಡೆಯ ರೈಲಿಗೆ ಕಾಯುತ್ತಿದ್ದರು. ಎರಡನ್ನೂ ನಾನು ಬರೆದುಕೊಂಡೆ. ಮೊದಲನೆಯದು ಆಟದ ರಿಜಿಸ್ಟರಿನಲ್ಲಿದೆ. ಎರಡನೆಯದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ. ಅದು ಪುಟದ ಅಂಚಿನಲ್ಲಿದೆ.

ಆಟ ಎಂದರೆ ಏನು ಎಂಬುದನ್ನು ಮೊದಲು ಹೇಳಬೇಕು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗಿ, ತಾವು ಈಗ ಏನು ಮಾಡುತ್ತೇವೆ ಎಂದು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಮ್ಮದು ಬಾಹ್ಯಾಕಾಶದ ದರೋಡೆಕೋರರ ಕಥೆ. ಒಂದೇ ಕಥೆ, ೧೯೯೯ರ ಬೇಸಿಗೆಯಲ್ಲಿ ಶುರುವಾದದ್ದು, ಭಾನುವಾರ ಭಾನುವಾರ ಮುಂದುವರಿಯುತ್ತಿತ್ತು. ಊಟವಾದ ಮೇಲೆ ಎರಡು ಗಂಟೆಗೆ ಕೂತರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದೆವು.

ಕಥೆ ನಡೆಸುತ್ತಿದ್ದವರು ಒಂದು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬನ ಹತ್ತಿರ ಇದ್ದ ಆಟದ ಪುಸ್ತಕವನ್ನು ಅವರು ಜೆರಾಕ್ಸ್ ಮಾಡಿಸಿ ತಂದಿದ್ದರು. ಹಾರನಹಳ್ಳಿ ರಸ್ತೆಯಲ್ಲಿದ್ದ ಅವರ ಬಾಡಿಗೆ ಮನೆಯ ನಡುಮನೆಯೇ ನಮ್ಮ ಬಾಹ್ಯಾಕಾಶ. ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗ್ರಹಗಳನ್ನು ಬರೆಯುತ್ತಿದ್ದರು. ಆಟಗಾರರು ನಾಲ್ವರು. ಮೇಷ್ಟ್ರ ಹೆಂಡತಿ, ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಕೊಬ್ಬರಿ ಮಂಡಿಯ ಸಾಹುಕಾರರ ಮಗ, ನನ್ನ ಸ್ಕೂಲಿನ ಜೊತೆಗಾರ. ಜಂಕ್ಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ ಬುಕಿಂಗ್ ಕ್ಲರ್ಕ್, ಅಕ್ಕನ ಗೆಳತಿ, ಊರೆಲ್ಲ ‘ಬುಕಿಂಗ್ ಮೇಡಂ’ ಎನ್ನುತ್ತಿತ್ತು. ನಾಲ್ಕನೆಯವನು ನಾನು. ಆಗ ಜಿಲ್ಲಾ ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ.

ಮೊದಲು ನಮ್ಮದು ಒಂದೇ ಹಡಗು, ‘ಗಿಟಕು’. ಮಂಡಿ ಗೆಳೆಯ ಅದರ ಕ್ಯಾಪ್ಟನ್, ಒಣಕೊಬ್ಬರಿಯ ಆ ಹೆಸರಿಟ್ಟವನೂ ಅವನೇ. ದೋಚುತ್ತಾ ಹೋದಂತೆ ಹಡಗುಗಳನ್ನೇ ಹಿಡಿದೆವು, ಸೋತವರು ಮಿತ್ರರಾದರು. ೨೦೦೦ದ ಹೊತ್ತಿಗೆ ಗಿಟಕಿನ ಜೊತೆಗೆ ಆರು ಮಿತ್ರ ಹಡಗುಗಳಾದವು. ತೊಂದರೆ ಅಲ್ಲಿಂದ ಶುರುವಾಯಿತು. ಕಥೆ ಗಿಟಕಿನ ಹಿಂದೆ ಹೋಗುತ್ತದೆ. ಆದರೆ ಎಲ್ಲೋ ದೂರದಲ್ಲಿ ಆ ಆರು ಹಡಗುಗಳೂ ಏನೋ ಮಾಡುತ್ತಿರುತ್ತವಲ್ಲ? ಪುಸ್ತಕದಲ್ಲಿ ಅದಕ್ಕೆ ಒಂದು ಅಧ್ಯಾಯ ಇತ್ತೆಂದು ಪರಿವಿಡಿ ಹೇಳುತ್ತಿತ್ತು. ಜೆರಾಕ್ಸ್ ಮಾಡಿದವನು ಆ ಅಧ್ಯಾಯವನ್ನೇ ಬಿಟ್ಟಿದ್ದ. ಮೇಷ್ಟ್ರು ನಿಯತ್ತಿನ ಮನುಷ್ಯ. ಕಣ್ಣಿಗೆ ಕಾಣದ ಹಡಗುಗಳ ಪರವಾಗಿಯೂ ಒಂದೊಂದಾಗಿ ದಾಳ ಹಾಕುತ್ತಿದ್ದರು. ಒಂದು ಭಾನುವಾರ ಆ ಆರು ಹಡಗುಗಳು ಸರ್ಕಾರಿ ಗಸ್ತಿನ ಜೊತೆ ಎರಡರಿಂದ ಆರರವರೆಗೆ ಕಾದಾಡಿದವು. ನಾವು ನಾಲ್ವರು ಕಡಲೆಕಾಯಿ ಬಿಡಿಸುತ್ತಾ ನೋಡಿದೆವು. ನಮ್ಮ ಸರದಿ ಬಂದದ್ದು ಒಂದು ಸಲ.

“ಮೇಷ್ಟ್ರೆ, ಇದು ಆಟವೋ ನಿಮ್ಮ ಪರೀಕ್ಷೆ ಪೇಪರ್ ತಿದ್ದೋದೋ?” ಎಂದ ಮಂಡಿ ಗೆಳೆಯ.

“ಮತ್ತೇನ್ ಮಾಡ್ಲಿ? ಅವರೂ ಮನುಷ್ಯರಲ್ವೇನಯ್ಯಾ?”

ಬುಕಿಂಗ್ ಮೇಡಂ ಕಡಲೆ ಸಿಪ್ಪೆ ಗುಡಿಸಿ ಒಂದು ಕಡೆ ಮಾಡಿ ಹೇಳಿದರು: “ಕಣ್ಣಿಗೆ ಕಾಣದ ಗಾಡಿ ಕಳೆದುಹೋದ ಗಾಡಿ ಅಲ್ಲ ಕಣ್ರೀ. ಸೆಕ್ಷನ್ನಲ್ಲಿದೆ ಅಷ್ಟೆ.”

ಅವರ ತಂದೆ ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದವರು. ಊರೂರು ವರ್ಗವಾಗುತ್ತಾ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಮಗಳು ಅಂದು ನಮಗೆ ರೈಲು ನಡೆಸುವ ಕ್ರಮ ಹೇಳಿಕೊಟ್ಟರು. ಗಾಡಿ ಒಂದು ಸ್ಟೇಷನ್ ಬಿಟ್ಟಿತು, ಮುಂದಿನದನ್ನು ಮುಟ್ಟಿಲ್ಲ. ನಡುವಿನ ಆ ದಾರಿಗೆ ಸೆಕ್ಷನ್ ಎನ್ನುತ್ತಾರೆ. ಅಲ್ಲಿ ಡ್ರೈವರ್ ಏನು ತಿಂದ, ಎಲ್ಲಿ ಸೀಟಿ ಹೊಡೆದ ಎಂದು ಯಾರೂ ಬರೆದಿಡುವುದಿಲ್ಲ. ಯಾವಾಗ ಬಿಟ್ಟಿತು, ಯಾವಾಗ ಬರಬೇಕು, ಬಂತೇ. ಇಷ್ಟೇ. ಬಂತೆಂಬ ಮಾತು ಬರುವವರೆಗೆ ಆ ದಾರಿಯಲ್ಲಿ ಇನ್ನೊಂದು ಗಾಡಿ ಬಿಡುವ ಹಾಗಿಲ್ಲ.

ಮುಂದಿನ ಭಾನುವಾರದಿಂದ ಕಣ್ಮರೆಯ ಹಡಗುಗಳಿಗೆ ಅದೇ ನಿಯಮ. ಪ್ರತಿ ಹಡಗಿಗೆ ರಿಜಿಸ್ಟರಿನಲ್ಲಿ ಒಂದು ಸಾಲು. ದಾರಿಯಲ್ಲಿ ದಾಳವಿಲ್ಲ. ಹಡಗು ಮುಟ್ಟಿದ ದಿನ ಒಂದೇ ಒಂದು ಸಲ ನಾಲ್ಕು ಕವಡೆ ಹಾಕುವುದು. ಕವಡೆ ಅಕ್ಕನ ಚೌಕಾಬಾರದ್ದು. ಒಂದು ಬಾಯಿ ಮೇಲಾದರೆ ಹಡಗಿಗೆ ಪೆಟ್ಟಾಗಿದೆ. ಎರಡಾದರೆ ದಾರಿಯಲ್ಲಿ ವಿಶೇಷವಿಲ್ಲ. ಮೂರಾದರೆ ಲೂಟಿ ಸಿಕ್ಕಿದೆ. ನಾಲ್ಕೂ ಮೇಲಾದರೆ ಹೊಸ ಹಡಗೊಂದನ್ನು ಹಿಡಿದು ತಂದಿದೆ. ನಾಲ್ಕೂ ಕವುಚಿ ಬಿದ್ದರೆ ಹಡಗು ದಾರಿಯಲ್ಲೇ ಹೋಯಿತು, ಬಂದದ್ದು ಅದರ ಸುದ್ದಿ ಮಾತ್ರ. ಆರು ಹಡಗುಗಳ ಕೆಲಸ ಹತ್ತು ನಿಮಿಷದಲ್ಲಿ ಮುಗಿಯತೊಡಗಿತು. ರಿಜಿಸ್ಟರು ನನ್ನ ಪಾಲಿಗೆ ಬಂತು.

“ಪೇಪರ್‌ನೋರಿಗೇ ಕೊಡಿ. ಬರೆದಿದ್ದನ್ನ ತಿದ್ದಲ್ಲ ಅವರು,” ಎಂದವರು ಬುಕಿಂಗ್ ಮೇಡಂ.

“ತಿದ್ದಲ್ಲ ನಿಜ. ಅಚ್ಚಾದ್ಮೇಲೆ ಮಾರನೇ ದಿನ ವಿಷಾದಿಸ್ತಾರೆ,” ಎಂದ ಗೆಳೆಯ.

ಆರರಲ್ಲಿ ಒಂದು ಹಡಗನ್ನು ಬುಕಿಂಗ್ ಮೇಡಂ ತಮಗೆಂದು ಇಟ್ಟುಕೊಂಡು ಬಾಣಾವರ ಎಂದು ಕರೆದರು. ಕಡೂರಿನ ಕಡೆ ಹೊರಟರೆ ಅರಸೀಕೆರೆಯ ಮುಂದಿನ ಸ್ಟೇಷನ್ ಅದು. ಇಡೀ ಬಾಹ್ಯಾಕಾಶ ಇರುವಾಗ ಬಾಣಾವರವೇ ಬೇಕಿತ್ತೇ ಎಂದು ಅಕ್ಕ ರೇಗಿಸಿದರು. “ಪಕ್ಕದ ಸ್ಟೇಷನ್ ಹೆಸರಿಟ್ರೆ ಸಿಬ್ಬಂದಿಗೆ ಧೈರ್ಯ ಇರುತ್ತೆ ಅಕ್ಕ. ಬೇಜಾರಾದ್ರೆ ನಡ್ಕೊಂಡಾದರೂ ಬರಬಹುದು,” ಎಂದರು.

ಅವರು ಕೂರುತ್ತಿದ್ದುದು ಕಿಟಕಿಯ ಪಕ್ಕ, ಗೋಡೆಗೆ ಒರಗಿ. ರೈಲಿನ ಸದ್ದು ಕೇಳಿದರೆ ಆಟದ ನಡುವೆಯೇ ತಲೆ ಎತ್ತಿ, ಇದು ಗೂಡ್ಸು, ಇದು ಹಾಸನದ ಪ್ಯಾಸೆಂಜರ್, ಹನ್ನೆರಡು ನಿಮಿಷ ಲೇಟು ಎಂದು ಹೇಳಿ ಮತ್ತೆ ನೆಲದ ಮೇಲಿನ ಗ್ರಹಗಳಿಗೆ ಮರಳುತ್ತಿದ್ದರು. ನಾನು ಒಂದೆರಡು ಸಲ ಸ್ಟೇಷನ್ನಿನಲ್ಲಿ ವಿಚಾರಿಸಿ ನೋಡಿದೆ. ಅವರು ಹೇಳಿದ್ದು ಸರಿಯಿತ್ತು. ವಿಚಾರಿಸಲು ಹೋದಾಗ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತು ಬಾಣಾವರಕ್ಕೆ ಒಂದು ಟಿಕೆಟ್ ಕೇಳಿದ್ದೂ ಉಂಟು. “ಯಾವ ಬಾಣಾವರ?” ಎಂದು ನಗದೆ ಕೇಳಿದ್ದರು.

೨೦೦೧ರ ಜೂನ್ ಕೊನೆಯಲ್ಲಿ ಅವರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ವರ್ಗ ಅವರ ಮನೆಯವರಿಗೆ ಹೊಸದಲ್ಲ. ನಮಗೆ ಹೊಸದು. ಆಟಗಾರರೊಬ್ಬರು ಊರು ಬಿಟ್ಟರೆ ಅವರ ಹಡಗನ್ನು ಏನು ಮಾಡುವುದು? ಮುಳುಗಿಸಿಬಿಡೋಣ, ದೊಡ್ಡ ಯುದ್ಧದಲ್ಲಿ, ಗೌರವವಾಗಿ ಎಂದರು ಮೇಷ್ಟ್ರು. ಬುಕಿಂಗ್ ಮೇಡಂ ಒಪ್ಪಲಿಲ್ಲ. “ನಾನೇನು ಸತ್ತಿಲ್ಲ ಮೇಷ್ಟ್ರೆ. ಹಡಗು ಸೆಕ್ಷನ್ನಲ್ಲಿ ಇರಲಿ. ಏಳನೇ ಗ್ರಹಕ್ಕೆ ಬಿಡಿ. ಅಲ್ಲಿ ಮುಟ್ಟಲಿ, ಆಮೇಲೆ ಕಾಗದದಲ್ಲಿ ಆಡ್ತೀನಿ.”

ಹಾಗಾಗಿ ಹಡಗು ಹೊರಟದ್ದೂ ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲಿಂದಲೇ. ಬಿಡುವ ಸಮಯವನ್ನು ಅವರೇ ಹೇಳಿದರು, ನಾನು ಬರೆದೆ. ಮಂಡಿ ಗೆಳೆಯ ಟ್ರಂಕಿನ ಮೇಲೆ ಕೂತಿದ್ದ.

“ಮೇಡಂ, ಔಷಧಿ ಪೆಟ್ಟಿಗೆ ಗಿಟಕಿಗೆ ಬಿಟ್ಟೋಗಿ. ಹುಬ್ಬಳ್ಳೀಲಿ ನಿಮಗ್ಯಾಕೆ?”

“ನಿಮ್ಮ ಕೈಗೆ ಕೊಟ್ರೆ ನಾಳೆ ಮಂಡೀಲಿ ಹರಾಜಿಗೆ ಬರುತ್ತೆ. ಏಳ್ರಿ, ಟ್ರಂಕ್ ಮುರಿಯುತ್ತೆ.”

ರೈಲು ಬಂದಾಗ ಮೂರು ಮುಕ್ಕಾಲು. ಕಿಟಕಿಯಿಂದ ಅವರು ನನಗೆ ಹೇಳಿದ ಕೊನೆಯ ಮಾತು: “ತಪ್ಪದೆ ಬರೀರಿ.” ಏನನ್ನು ಎಂದು ಹೇಳಲಿಲ್ಲ.

ಹದಿನೈದು ದಿನಕ್ಕೊಮ್ಮೆ ನಾನು ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಆಟದ ವರದಿ ಬರೆಯುತ್ತಿದ್ದೆ. ಗಿಟಕು ಎಲ್ಲಿದೆ, ಮಿತ್ರ ಹಡಗುಗಳಲ್ಲಿ ಯಾವುದು ಮುಟ್ಟಿತು, ಕವಡೆ ಹೇಗೆ ಬಿತ್ತು. ಕೊನೆಗೆ ಊರಿನ ಸುದ್ದಿ ಎರಡು ಸಾಲು. ಅವರ ಉತ್ತರವೂ ಅಷ್ಟೇ ಬಿಗಿಯಾಗಿ ಬರುತ್ತಿತ್ತು. “ನಮ್ಮ ಸಿಬ್ಬಂದಿಗೆ ನೀರು ಅಳೆದು ಕೊಡಲು ಹೇಳಿ. ಗಸ್ತು ಕಂಡರೆ ದೀಪ ಆರಿಸಲಿ. ಇಲ್ಲಿ ರೊಟ್ಟಿ ಚೆನ್ನಾಗಿದೆ, ಚಟ್ನಿಗೆ ನಮ್ಮ ಕಡೆಯ ಕಾಯಿ ಇಲ್ಲ. ಕಿಟಕಿ ಪಕ್ಕ ಈಗ ಯಾರು ಕೂರುತ್ತಾರೆ?” ಯಾರೂ ಕೂರುತ್ತಿರಲಿಲ್ಲ. ಹಾಗೆಂದು ಬರೆದೆ. ರೈಲು ಹೋದಾಗ ನಾಲ್ವರೂ ಆ ಕಡೆ ನೋಡುತ್ತಿದ್ದೆವು ಎಂಬುದನ್ನು ಬರೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಅವರ ಕಾಗದದಲ್ಲಿ ಈ ಸಾಲಿತ್ತು: “ನಲವತ್ತು ದಿನ ಕಳೆಯಿತು. ಬಾಣಾವರ ಮುಟ್ಟಿದ ಮೇಲೆ ಮುಂದಿನ ಆದೇಶ ಬರೆಯುತ್ತೇನೆ.”

ಅದು ಅವರ ಕೊನೆಯ ಕಾಗದವಾಯಿತು. ಉಳಿದ ಐದು ಮಿತ್ರ ಹಡಗುಗಳು ಯಾರವೂ ಅಲ್ಲ, ಬರಬೇಕಾದ ದಿನ ಬಂದರೆ ಮುಟ್ಟಿದವೆಂದೇ ಬರೆಯುತ್ತಿದ್ದೆ. ಈ ಹಡಗು ಅವರದು, ಕ್ಯಾಪ್ಟನ್ ಅವರು, ಮುಟ್ಟಿತೆಂದು ಅವರೇ ಹೇಳಬೇಕು ಎಂದು ನಾನು ತಿಳಿದೆ. ನನ್ನ ಕಸುಬು ಕಲಿಸಿದ್ದೂ ಅದನ್ನೇ. ಹಾಸನದಲ್ಲಿದ್ದ ನಮ್ಮ ಸಂಪಾದಕರು ಫೋನಿನಲ್ಲಿ ಯಾವ ಸುದ್ದಿ ಹೇಳಿದರೂ ಮೊದಲು ಕೇಳುತ್ತಿದ್ದುದು “ಹೇಳಿದವರು ಯಾರು?” ಎಂದು. ಸಂಬಂಧಪಟ್ಟವರ ಬಾಯಿಂದ ಬರದೆ ಒಂದು ಸಾಲನ್ನೂ ಅವರು ಹಾಕುತ್ತಿರಲಿಲ್ಲ. ನಾನು ವರದಿ ಕಳಿಸುತ್ತಲೇ ಇದ್ದೆ. ಪ್ರತಿ ವರದಿಯ ಕೊನೆಯಲ್ಲಿ “ಬಾಣಾವರ: ಮಾಹಿತಿ ಬಂದಿಲ್ಲ” ಎಂದು ಬರೆಯುತ್ತಿದ್ದೆ. ಹಾಗೆ ಐದು ಕಾಗದ ಹೋದವು. ಆರನೆಯದನ್ನು ಬರೆಯಲಿಲ್ಲ. ಒಂದು ಸಲ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಹುಬ್ಬಳ್ಳಿ ಸ್ಟೇಷನ್ನಿಗೆ ಫೋನ್ ಮಾಡಿದೆ. ಬೇರೆ ಯಾರೋ ಎತ್ತಿದರು. ಬೆಂಗಳೂರು ಗಾಡಿಯ ಸಮಯ ಕೇಳಿ ಇಟ್ಟೆ.

ಇತ್ತ ಆಟ ಸಿಕ್ಕಿಹಾಕಿಕೊಂಡಿತು. ಏಳನೆಯ ಗ್ರಹದಲ್ಲಿ ಸರ್ಕಾರದ ಖಜಾನೆಯಿದೆ ಎಂದು ಮೇಷ್ಟ್ರು ವರ್ಷದಿಂದ ಆಸೆ ತೋರಿಸಿದ್ದರು. ಅಲ್ಲಿಗೆ ಗಸ್ತಿಲ್ಲದ ದಾರಿ ಒಂದೇ, ನಾಲ್ಕನೆಯ ಗ್ರಹದಿಂದ ಹೋಗುವುದು. ಆ ದಾರಿಯಲ್ಲಿ ಬಾಣಾವರ ಇತ್ತು. ನಿಯಮದ ಪ್ರಕಾರ ಅದು ಮುಟ್ಟುವವರೆಗೆ ಗಿಟಕು ಹೋಗುವ ಹಾಗಿಲ್ಲ. ಸಂಕ್ರಾಂತಿಯ ಮುಂಚಿನ ಭಾನುವಾರ ಗೆಳೆಯನ ತಾಳ್ಮೆ ಮುಗಿಯಿತು.

“ಏನ್ಲಾ, ನಲವತ್ತು ದಿನದ ನೀರು, ಆರು ತಿಂಗಳಾಯ್ತು. ಅದ್ರೊಳಗೆ ಯಾರ್ ಬದುಕವ್ರೆ? ಕವಡೆ ಹಾಕು, ಹೋಯ್ತು ಅಂತ ಬರಿ.”

“ಮುಟ್ಟಿದ ಮೇಲೆ ತಾನೆ ಕವಡೆ. ಮುಟ್ಟಿದ ಸುದ್ದಿ ಇಲ್ಲ.”

“ಸುದ್ದಿ ಬರ್ದೇ ಇರೋದೇ ಸುದ್ದಿ ಕಣ್ಲಾ. ನೀನು ಹಡಗು ಕಾಯ್ತಾ ಇದ್ದೀಯೋ ಇನ್ನೇನಾದ್ರೂ ಕಾಯ್ತಾ ಇದ್ದೀಯೋ?”

ಅಕ್ಕ “ಸಾಕು ಬಿಡೋ” ಎಂದರು. ಮೇಷ್ಟ್ರು ಸೀಮೆಸುಣ್ಣದ ಪುಡಿ ಊದಿದರು. ಹದಿನಾರರಲ್ಲಿ ಒಂದು ಸಲ ನಾಲ್ಕೂ ಕವಡೆ ಕವುಚಿ ಬೀಳುತ್ತವೆ ಎಂದು ಮೇಷ್ಟ್ರೇ ಲೆಕ್ಕ ಹೇಳಿದ್ದರು. ದೊಡ್ಡ ಅಪಾಯವಲ್ಲ. ಆದರೂ ನಾನು ಕವಡೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಗೆಳೆಯ ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿತ್ತು. ರಿಜಿಸ್ಟರಿನಲ್ಲಿ ಆ ಸಾಲು ತೆರೆದಿರುವವರೆಗೆ ಅವರಿಗೆ ಕಾಗದ ಬರೆಯಲು, ಅವರಿಂದ ಕಾಗದ ಬರಲು ಒಂದು ಕಾರಣ ಇತ್ತು. ಬೇರೆ ಕಾರಣ ನಮ್ಮಿಬ್ಬರ ನಡುವೆ ಇರಲಿಲ್ಲ. ಇತ್ತೆಂದು ಇಬ್ಬರಲ್ಲಿ ಯಾರೂ ಹೇಳಿರಲಿಲ್ಲ.

ಗಿಟಕು ನಾಲ್ಕನೆಯ ಗ್ರಹದ ಬಂದರಿನಲ್ಲಿಯೇ ನಿಂತಿತು. ಜಗಳವಾಗಿ ಆಟ ನಿಂತದ್ದಲ್ಲ. ಗೆಳೆಯನ ತಂದೆಗೆ ಆರೋಗ್ಯ ಕೆಟ್ಟು ಮಂಡಿಯ ಕೆಲಸವೆಲ್ಲ ಅವನ ಮೇಲೆ ಬಿತ್ತು, ಒಂದು ಭಾನುವಾರ ಬಿಟ್ಟ, ಎರಡು ಬಿಟ್ಟ. ೨೦೦೩ರಲ್ಲಿ ಮೇಷ್ಟ್ರಿಗೆ ಹಳೇಬೀಡಿಗೆ ವರ್ಗವಾಯಿತು. ಮನೆ ಖಾಲಿ ಮಾಡುವ ದಿನ ಅಕ್ಕ ನೆಲ ಒರೆಸಿದರು. ಏಳನೆಯ ಗ್ರಹ ಎರಡು ಸಲ ಒರೆಸಿದರೂ ಹೋಗಲಿಲ್ಲ.

೨೦೦೪ರ ನವೆಂಬರಿನಲ್ಲಿ ಪ್ರವಾಸಿ ಬಸ್ಸುಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬ ಸಭೆಯೊಂದರ ವರದಿಗೆ ಹಳೇಬೀಡಿಗೆ ಹೋಗಬೇಕಾಯಿತು. ಜಾವಗಲ್ ಮೇಲಿನ ಬಸ್ಸಿನಲ್ಲಿ ಹೋಗಿ, ಸಭೆ ಮುಗಿಸಿ, ಕೆರೆಯ ಹಿಂದಿನ ಬೀದಿಯಲ್ಲಿದ್ದ ಮೇಷ್ಟ್ರ ಮನೆಗೆ ಹೋದೆ. ಹಗಲು ಮೂರು ಗಂಟೆ. ಅಕ್ಕ ಅವರೆಕಾಯಿ ಸುಲಿಯುತ್ತಿದ್ದರು. ಕೈಗೊಂದು ಹಿಡಿ ಕೊಟ್ಟು ನನ್ನನ್ನೂ ಕೂರಿಸಿದರು.

“ಹುಬ್ಬಳ್ಳಿಗೆ ಹೋಗಿದ್ದೆ ಕಣೋ. ಅಮ್ಮನ ಕಣ್ಣು ತೋರಿಸೋಕೆ. ಅವಳು ಸಿಕ್ಕಿದ್ಲು, ಕೌಂಟರಲ್ಲೇ.”

“ಹೇಗಿದ್ದಾರೆ?”

“ಚೆನ್ನಾಗವ್ಳೆ. ಟೀ ಕುಡಿಸಿದ್ಲು. ಕುಡಿಯೋಕ್ ಮುಂಚೇನೇ ಕೇಳಿದ್ಲು, ‘ಅಕ್ಕ, ಬಾಣಾವರ ಇನ್ನೂ ಮುಟ್ಟಿಲ್ವಾ?’ ಅಂತ.”

ನಾನು ಅವರೆಕಾಯಿ ಕೆಳಗಿಟ್ಟೆ.

“ನಾನಂದೆ, ‘ನೀನು ಬರೀತೀಯ ಅಂತ ಅಲ್ಲೊಬ್ಬ ಕಾಯ್ತಾ ಕೂತವ್ನಲ್ಲೇ.’ ಅವಳು ನನ್ನ ಮುಖ ನೋಡಿದ್ಲು. ‘ನಾನೇಕೆ ಬರೀಲಿ ಅಕ್ಕ? ಗಾಡಿ ಓಡಿಸೋನು ಎಲ್ಲಾದ್ರೂ ತಾನು ಬಂದೆ ಅಂತ ಕಾಗದ ಬರೀತಾನಾ? ಬಂತು ಅಂತ ಸ್ಟೇಷನ್ನೋರು ಹೇಳ್ಬೇಕು. ಅವರು ಪ್ರತಿ ಕಾಗದದಲ್ಲೂ ಬಂದಿಲ್ಲ, ಬಂದಿಲ್ಲ ಅಂತ ಬರೆದ್ರು. ನಾನು ಸೆಕ್ಷನ್ನಲ್ಲೇ ಇದ್ದೆ’ ಅಂದ್ಲು.”

“ಆಮೇಲೆ?”

“ಆಮೇಲೆ ಕ್ಯೂನಲ್ಲಿದ್ದೋರು ಕೂಗಾಡಿದ್ರು. ಒಳಗೆ ಹೋದ್ಲು.”

ಒಳಗಿನ ಕೋಣೆಯಲ್ಲಿ ಪರೀಕ್ಷೆ ಪೇಪರ್ ತಿದ್ದುತ್ತಿದ್ದ ಮೇಷ್ಟ್ರು ಕೆಂಪು ಪೆನ್ನು ಹಿಡಿದೇ ಹೊರಗೆ ಬಂದರು. “ಅಲ್ಲಯ್ಯಾ, ಹಂಗಾದ್ರೆ ಮುಟ್ಟಿತು ಅಂತ ಹೇಳೋನು ನಾನಲ್ವಾ? ಕಥೆ ನಡೆಸೋನು ನಾನು, ಏಳನೇ ಗ್ರಹ ನಂದು. ಮೂರು ವರ್ಷ ಇಬ್ರಲ್ಲಿ ಒಬ್ರೂ ನನ್ನ ಕೇಳಿಲ್ವಲ್ಲ!”

ಕೇಳಿರಲಿಲ್ಲ. ಆಟದಲ್ಲಿ ಸ್ಟೇಷನ್ ಯಾವುದೆಂದು ನಾವು ನಿಯಮ ಮಾಡಿದ ದಿನ ಯಾರೂ ಬರೆದುಕೊಂಡಿರಲಿಲ್ಲ.

“ಈಗ ಕೇಳ್ತಿದ್ದೀನಿ ಮೇಷ್ಟ್ರೆ. ಮುಟ್ಟಿದೆಯಾ?”

“ಮುಟ್ಟಿದೆ. ಕವಡೆ ತಾರೇ.”

ಅಕ್ಕ ಹೊಲಿಗೆಯ ಡಬ್ಬಿಯ ಗುಂಡಿ, ಸೂಜಿಗಳ ನಡುವಿನಿಂದ ನಾಲ್ಕು ಕವಡೆ ಹುಡುಕಿ ತೆಗೆದರು. ನನ್ನ ಕೈಗೆ ಕೊಡಲು ಬಂದರು. ನೀವೇ ಹಾಕಿ ಎಂದೆ. ಅವರು ಅವರೆ ಸಿಪ್ಪೆ ಸರಿಸಿ ಜಾಗ ಮಾಡಿ ಹಾಕಿದರು. ಮೂರು ಬೇಗ ನಿಂತವು. ಎರಡು ಕವುಚಿದ್ದವು, ಒಂದರ ಬಾಯಿ ಮೇಲಿತ್ತು. ನಾಲ್ಕನೆಯದು ಹೊಸಿಲವರೆಗೆ ಉರುಳಿ ಅಲ್ಲಿ ಬಾಯಿ ಮೇಲೆ ಮಾಡಿ ನಿಂತಿತು.

“ಎರಡು,” ಎಂದರು ಮೇಷ್ಟ್ರು. “ದಾರಿಯಲ್ಲಿ ವಿಶೇಷವೇನೂ ಇಲ್ಲ. ಹದಿನೆಂಟು ಜನವೂ ಕ್ಷೇಮ. ನೀರು ಹೆಂಗೆ ಸಾಲ್ತು ಅಂತ ನನ್ನ ಕೇಳ್ಬೇಡಿ.”

ಅಕ್ಕ ಹುಬ್ಬಳ್ಳಿಯ ಕ್ವಾರ್ಟರ್ಸಿನ ವಿಳಾಸವನ್ನು ಆಸ್ಪತ್ರೆಯ ಚೀಟಿಯೊಂದರ ಹಿಂದೆ ಬರೆಸಿಕೊಂಡು ಬಂದಿದ್ದರು. ಅದನ್ನು ನಕಲು ಮಾಡಿಕೊಂಡೆ. ಐದು ಗಂಟೆಯ ಬಸ್ಸಿಗೆ ಅರಸೀಕೆರೆಗೆ ಹೊರಟೆ. ಮಾರನೆಯ ದಿನ ಮಂಡಿಯಲ್ಲಿ ಗೆಳೆಯನಿಗೆ ವಿಷಯ ಹೇಳಿದೆ. ಅವನು ತೂಕದ ಮುಂದೆ ನಿಂತಿದ್ದ.

“ಈಗ ಬಿಟ್ಯೇನ್ಲಾ ದಾರೀನ? ಈಗ ಹೋಗೋರ್ ಯಾರವ್ರೆ?” ಎಂದ. ತೂಕದ ಕಲ್ಲು ಇಳಿಸಿಟ್ಟು, “ಔಷಧಿ ಪೆಟ್ಟಿಗೆ ಎಷ್ಟು ಬಂದ್ವು ಕೇಳಿ ಬರಿ,” ಎಂದ.

ನಾನು ಬರೆದ ಕಾಗದ ಒಂದು ಪುಟದ್ದು. ನಾಲ್ಕು ಸಲ ಬರೆದು ಐದನೆಯದನ್ನು ಉಳಿಸಿಕೊಂಡೆ. ಬಾಣಾವರ ಏಳನೆಯ ಗ್ರಹ ಮುಟ್ಟಿದೆ, ಸಿಬ್ಬಂದಿ ಕ್ಷೇಮ, ಸರಕು ಕ್ಷೇಮ, ಸುದ್ದಿ ತಿಳಿಸುವುದು ನಮ್ಮ ಕಡೆಯ ಕೆಲಸವಾಗಿತ್ತು, ತಡವಾದದ್ದು ನನ್ನಿಂದ ಎಂದು ಬರೆದೆ. ಮೇಷ್ಟ್ರು ಹಳೇಬೀಡಿನಲ್ಲಿದ್ದಾರೆ, ಆಟ ನಿಂತಿದೆ, ಆದರೆ ಕ್ಯಾಪ್ಟನ್ನರ ಆದೇಶ ಬಂದರೆ ರಿಜಿಸ್ಟರಿನಲ್ಲಿ ಬರೆಯಲು ಜಾಗವಿದೆ ಎಂದು ಬರೆದೆ. ಮೊದಲ ನಾಲ್ಕು ಪ್ರತಿಗಳಲ್ಲಿದ್ದ ಒಂದು ವಾಕ್ಯ ಐದನೆಯದರಲ್ಲಿ ಇರಲಿಲ್ಲ.

೨೦೦೪ರ ಡಿಸೆಂಬರ್ ಮೊದಲ ವಾರ ಅದನ್ನು ಅಕ್ನಾಲೆಜ್‌ಮೆಂಟ್ ಸಹಿತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಹನ್ನೊಂದು ದಿನಗಳ ಮೇಲೆ ಕಾರ್ಡು ಮರಳಿ ಬಂತು. ಹುಬ್ಬಳ್ಳಿಯ ವಿಳಾಸವನ್ನು ಹೊಡೆದು ಲೋಂಡಾ ಜಂಕ್ಷನ್ ಎಂದು ಬರೆದಿತ್ತು, ಮತ್ತೆ ವರ್ಗವಾಗಿರಬೇಕು. ಪಡೆದವರ ಸಹಿಯ ಜಾಗದಲ್ಲಿ ಸಹಿ ಇತ್ತು. ಅದು ಅವರದೇ.